ಕೂರುವ ಜಾಗ

ಕೂತು ಉಣ್ಣುವವರಿಗೆ ಕುಡಿಕೆ ಹೊನ್ನೂ ಸಾಲದಂತೆ.
ನಾನು ಕೂತೇ ದುಡಿದವಳು: ಮೂವತ್ತೊಂದು ವರ್ಷ
ಗೋಥೆನ್‌ಬರ್ಗಿನ ಟ್ರಾಮಿನ ಮೂತಿಯಲ್ಲಿ,
ಬೆನ್ನ ಹಿಂದೆ ಊರನ್ನೆಲ್ಲ ಹೇರಿಕೊಂಡು.
ರೋಗ ಬಂದದ್ದೂ ಕೂರುವ ಜಾಗಕ್ಕೇ.
ಡಾಕ್ಟರು ಗುದ ಅನ್ನುತ್ತಾರೆ, ಇಕ್ಕಳದಲ್ಲಿ ಹಿಡಿದ ಹಾಗೆ.
ಅಕ್ಕ ಸಿಗ್ನೆ ‘ಆ ಕಡೆ’ ಅಂದು ಕಿಟಕಿಯಾಚೆ ನೋಡುತ್ತಾಳೆ.
ನನ್ನದು ಡಿಪೋದಲ್ಲಿ ಬೆಳೆದ ಬಾಯಿ,
ತಿಕ ಅಂದರೆ ತಿಕ.
ಆದರೂ ನೆರೆಮನೆಯವರು ಕೇಳಿದಾಗ
ಕರುಳು ಅಂದುಬಿಟ್ಟೆ.
ಒಂದು ಗೇಣು ಮೇಲಕ್ಕೆ ಸುಳ್ಳು.

ಮೊದಲ ಸಲ ಕಡಲೆಕಾಳಿನಷ್ಟು. ಕೊಯ್ದು ತೆಗೆದರು,
ಅಂಚೆಲ್ಲ ಚೊಕ್ಕಟ ಎಂದರು.
ನಾಲ್ಕು ವರ್ಷ ಚೊಕ್ಕಟವಾಗಿಯೇ ಇದ್ದೆ.
ಆಮೇಲೆ ಅದೇ ಸ್ಟಾಪಿನಲ್ಲಿ ಮತ್ತೆ ಹತ್ತಿತು, ಟಿಕೆಟ್ಟಿಲ್ಲದೆ,
ಈ ಸಲ ತೊಡೆಸಂದಿಯ ಗಂಟೊಂದನ್ನೂ ಜೊತೆಗೆ ಕರೆದುಕೊಂಡು.
ಇನ್ನು ಕತ್ತಿ ಬೇಡ, ಅಂದಳು ಡಾಕ್ಟರಮ್ಮ ಹೆಡ್ವಿಗ್,
ಕತ್ತಿಯೆಂದರೆ ಹೊಟ್ಟೆಯ ಮೇಲೊಂದು ಚೀಲ, ಸಾಯುವ ತನಕ.
ಔಷಧ, ಕಿರಣ, ಎರಡನ್ನೂ ಒಂದೇ ನೊಗಕ್ಕೆ ಕಟ್ಟೋಣ:
ಅದು ಮೆತ್ತಗೆ ಮಾಡಲಿ, ಇದು ಸುಡಲಿ.
ರುಜು ಹಾಕಿದೆ, ನಿಂತುಕೊಂಡೇ.

ಮೊದಲ ದಿನ ನೇರಳೆ ಬಣ್ಣದ ಮದ್ದು, ನೇರ ನರಕ್ಕೆ.
ಆಮೇಲೆ ಸೊಂಟಕ್ಕೊಂದು ಸೀಸೆ, ಒಳಗೆ ಬಲೂನು.
ನಾಲ್ಕು ದಿನ ಸದ್ದಿಲ್ಲದೆ ಕುಗ್ಗುತ್ತ ಕುಗ್ಗುತ್ತ
ನನ್ನೊಳಗೆ ಬಸಿದುಕೊಂಡಿತು.
ಬಾಯಲ್ಲಿ ಹುಣ್ಣು, ಕಾಫಿಗೂ ತುಕ್ಕಿನ ರುಚಿ.

ಕಿರಣ ಇಪ್ಪತ್ತೆಂಟು ಸಲ, ಶನಿವಾರ ಭಾನುವಾರ ರಜೆ.
ಅರ್ಧ ಲೀಟರ್ ನೀರು ಕುಡಿದು, ಉಚ್ಚೆ ಬಿಗಿಹಿಡಿದು
ಬೋರಲು ಮಲಗಬೇಕು.
ಟೂವೆ ಎಂಬ ಹುಡುಗ ನನ್ನ ಚರ್ಮದ ಚುಕ್ಕಿಗಳನ್ನು
ಬೆಳಕಿನ ಗೆರೆಗೆ ಹೊಂದಿಸುತ್ತಾನೆ, ಎರಡು ಮಿಲಿಮೀಟರ್ ಎಡಕ್ಕೆ,
ಕ್ಷಮಿಸಿ ಗುನ್ವೋರ್, ಕೈ ತಣ್ಣಗಿದೆ.
ಹಳಿ ಹೊಂದಿಸುವವರನ್ನು ಕಂಡವಳು ನಾನು,
ಅವನ ಕೈಯನ್ನು ನಂಬಿದೆ.
ಬಾಗಿಲು ಮುಚ್ಚುತ್ತದೆ. ಯಂತ್ರ ಸುತ್ತ ತಿರುಗುತ್ತದೆ.
ಏನೂ ಕಾಣುವುದಿಲ್ಲ, ಏನೂ ನೋಯುವುದಿಲ್ಲ.
ಅದೇ ಮೋಸ.

ನಾಲ್ಕನೇ ವಾರ ಲೆಕ್ಕ ಕೇಳಿತು.
ಚರ್ಮ, ಸಿಪ್ಪೆ ಸುಲಿದ ಬೀಟ್‌ರೂಟ್.
ಬಚ್ಚಲಲ್ಲಿ ಟವೆಲು ಕಚ್ಚಿಕೊಂಡೆ,
ನಡುರಾತ್ರಿ ಉಪ್ಪುನೀರಿನ ಬೋಗುಣಿಯಲ್ಲಿ ಕೂತು
ಹಳೆಯ ಮಾರ್ಗದ ನಿಲ್ದಾಣಗಳನ್ನೆಲ್ಲ ಹೆಸರಿಡಿದು ಕೂಗಿದೆ,
ಜಪದ ಹಾಗಲ್ಲ, ಬೈಗುಳದ ಹಾಗೆ.

ಅಷ್ಟು ದಿನವೂ ಕಾರಿನಲ್ಲಿ ಒಯ್ದವನು ಬೆಸ್ನಿಕ್,
ಕೊಸೊವೊದಿಂದ ಬಂದು ಟ್ರಾಮು ಹಿಡಿದವನು,
ಈ ಊರಿನ ತಿರುವುಗಳನ್ನು ನನಗಿಂತ ಚೆನ್ನಾಗಿ ಬಲ್ಲವನು.
ಎಲ್ಲಿ ಕ್ಯಾನ್ಸರ್ ಅಂತ ಒಮ್ಮೆಯೂ ಕೇಳಲಿಲ್ಲ.
ಎರಡನೇ ವಾರ ನೋಡಿದರೆ ಸೀಟಿನ ಮೇಲೆ
ಮೊಮ್ಮಗನ ಈಜುವ ಟ್ಯೂಬು,
ಹಳದಿ, ಸುತ್ತಲೂ ಬಾತುಕೋಳಿ.
ಗಾಳಿ ಸಾಕೋ, ಇನ್ನಷ್ಟು ಊದಲೋ ಅಂದ.
ಅವನು ಕೇಳಿದ್ದು ಅಷ್ಟೆ.
ರಸ್ತೆಯುಬ್ಬುಗಳ ಮೇಲೆ ಅವನ ಕಾರು
ಗಾಜು ಹೇರಿದ ಗಾಡಿಯಂತೆ ಹೋಗುತ್ತಿತ್ತು.

ಮುಗಿಯಿತು. ವಾಸಿಯಾಯಿತೆ?
ಈಗಲೇ ನೋಡಬಾರದಂತೆ.
ಕಿರಣ ನಿಂತ ಮೇಲೂ ಅದು ಒಳಗೆ ಸಾಯುತ್ತಲೇ ಇರಬಹುದಂತೆ
ತಿಂಗಳುಗಟ್ಟಲೆ, ತನ್ನ ಪಾಡಿಗೆ.
ಆರು ತಿಂಗಳು ಸುಮ್ಮನೆ ಕೂತಿರಿ ಎಂದಳು ಹೆಡ್ವಿಗ್,
ಎಂದವಳು ನಾಲಿಗೆ ಕಚ್ಚಿಕೊಂಡಳು.
ಇಬ್ಬರೂ ನಕ್ಕುಬಿಟ್ಟೆವು.

ಜೂನ್‌ನಲ್ಲಿ ಟ್ಯೂಬು ತೊಳೆದು, ಒಣಗಿಸಿ, ಹಿಂದಿರುಗಿಸಿದೆ.
ಈಗ ಕೆರೆಯ ನಡುವೆ ಆ ಹುಡುಗ
ಅದರ ತೂತಿನೊಳಗೆ ತಿಕ ಇಳಿಬಿಟ್ಟು
ಕಾಲಾಡಿಸುತ್ತಿದ್ದಾನೆ, ಪಟ್ಟಕ್ಕೇರಿದವನ ಹಾಗೆ.
ಬೆಸ್ನಿಕ್ ನನ್ನ ಕಡೆ ತಿರುಗುವುದೇ ಇಲ್ಲ,
ಭುಜ ಮಾತ್ರ ಕುಲುಕುತ್ತಿದೆ.
ನಾನು ಬಿಸಿಲು ಕುಡಿದ ಬಂಡೆಯ ಮೇಲೆ
ಒಂದು ಕುಂಡೆ ಊರಿದ್ದೇನೆ.
ಇನ್ನೊಂದನ್ನೂ ಊರಲೋ ಬೇಡವೋ.